ಊರಿಗೊಂದು ಮನೆ

ಆಗೆಲ್ಲ ಒಂದು ದೇವಸ್ಥಾನ ನೋಡಿಕೊಂಡು ಬರಬೇಕೆಂದರೆ ಆ ಊರಿನಲ್ಲಿ ನಮ್ಮದು ಅಂತ ಒಂದು ಮನೆ ಇರಬೇಕಿತ್ತು. ಚಿಕ್ಕಪ್ಪನದೋ, ಚಿಕ್ಕಪ್ಪನ ಷಡ್ಡಕನದೋ, ಅದೂ ಇಲ್ಲದಿದ್ದರೆ ಅರ್ಚಕರದೋ. ಮನೆಯಿಲ್ಲದ ಊರಿನ ದೇವರು ಎಷ್ಟೇ ದೊಡ್ಡವನಾಗಿರಲಿ, ಅವನಿಗೂ ನಮಗೂ ಗಂಟು ಬೀಳುತ್ತಿರಲಿಲ್ಲ. ಅಪ್ಪನಿಗೆ ಬೇಲೂರಿನಲ್ಲಿ ಯಾರೂ ಇರಲಿಲ್ಲ. ಹಾಗಾಗಿ ನಾನು ಬೇಲೂರು ನೋಡಿದ್ದು ಎರಡು ಮಕ್ಕಳ ತಾಯಿಯಾದ ಮೇಲೆ. ಹೊಳಲ್ಕೆರೆಯಲ್ಲಿ ಅಪ್ಪನ ಸೋದರತ್ತೆ ಇದ್ದರು. ಅಲ್ಲಿಯ ದೊಡ್ಡ ಗಣಪತಿಯನ್ನು ಸಾಕು ಸಾಕೆನ್ನುವಷ್ಟು ಸಲ ನೋಡಿದ್ದೆವು. ಲಾಡ್ಜು ಅನ್ನುವುದು ಇರಲಿಲ್ಲವೆಂದಲ್ಲ. ಕೋರ್ಟು ಕಚೇರಿಗೆ ಬಂದವರು, ಔಷಧಿ ಮಾರುವವರು ಅಲ್ಲಿ ಇಳಿಯುತ್ತಿದ್ದರು. ಸಂಸಾರಸ್ಥರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಲಾಡ್ಜಿನಲ್ಲಿ ಇಳಿದರೆ ಆ ಊರಿನ ನೆಂಟರು ಜನ್ಮ ಇರುವವರೆಗೆ ಮಾತಾಡುತ್ತಿರಲಿಲ್ಲ.

ನಮ್ಮ ಮನೆಯೂ ಎಷ್ಟೋ ಜನಕ್ಕೆ ಅಂಥ ಒಂದು ಮನೆಯಾಗಿತ್ತು. ಅಪ್ಪ ಆನೆಬಿಡಾರವಿದ್ದ ಸಕ್ರೆಬೈಲಿನಲ್ಲಿ ನಾಟಾ ಡಿಪೋದ ರೈಟರ್. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ, ಗಾಜನೂರು ಅಣೆಕಟ್ಟು ದಾಟಿದ ಮೇಲೆ, ಒಂದು ಕಡೆ ಕಾಡು, ಇನ್ನೊಂದು ಕಡೆ ತುಂಗೆಯ ಹಿನ್ನೀರು, ನಡುವೆ ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ಪಡಸಾಲೆ, ಹಿಂದೆ ಬಚ್ಚಲಲ್ಲಿ ತಾಮ್ರದ ಹಂಡೆ. ಶೃಂಗೇರಿಗೆ ಹೋಗುವವರು, ಹೊರನಾಡಿಗೆ ಹೋಗುವವರು, ಆಗುಂಬೆಯಲ್ಲಿ ಸೂರ್ಯಾಸ್ತ ನೋಡಬೇಕೆಂದು ಹೊರಟ ಬೆಂಗಳೂರಿನವರು, ಎಲ್ಲರಿಗೂ ಆ ರಸ್ತೆಯೇ. ಎಲ್ಲರಿಗೂ ಅಪ್ಪನ ಗುರುತು ಹೇಗೋ ಇರುತ್ತಿತ್ತು. 'ಗುಂಡಣ್ಣ ಹೇಳಿದ, ನಿಮ್ಮಲ್ಲಿಗೆ ಹೋದರೆ ಆನೆ ತೋರಿಸ್ತೀರಿ ಅಂತ' ಎಂದು ಟ್ರಂಕು, ಹೋಲ್ಡಾಲು ಸಮೇತ ಬಸ್ಸಿನಿಂದ ಇಳಿಯುತ್ತಿದ್ದರು. ಯಾವ ಗುಂಡಣ್ಣ ಎಂದು ಅಪ್ಪ ಕೇಳುತ್ತಿರಲಿಲ್ಲ. ಅಮ್ಮ ಒಳಗೆ ಪಾವು ತೆಗೆದುಕೊಂಡು ಅಕ್ಕಿ ಡಬ್ಬಿಯ ತಳ ಕೆರೆಯುವ ಶಬ್ದ ಕೇಳಿಸುತ್ತಿತ್ತು.

ಎಳ್ಳಮಾವಾಸ್ಯೆ ಹತ್ತಿರ ಬಂದರೆ ಹೇಳುವುದೇ ಬೇಡ. ತೀರ್ಥಹಳ್ಳಿಯಲ್ಲಿ ರಾಮೇಶ್ವರನ ಜಾತ್ರೆ, ರಾಮಕುಂಡದಲ್ಲಿ ಮುಳುಗಿ ಏಳುವುದು, ತೆಪ್ಪೋತ್ಸವ. ಹೋಗುವಾಗ ನಮ್ಮಲ್ಲಿ ಕಾಫಿ, ಬರುವಾಗ ನಮ್ಮಲ್ಲಿ ಊಟ. ಪಡಸಾಲೆಯಲ್ಲಿ ಮಂದಲಿಗೆ ಹಾಸಿದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಕ್ಕಿ ಆಗ ಕಿಲೋಗೆ ಒಂದು ರೂಪಾಯಿ ಎಪ್ಪತ್ತು ಪೈಸೆ, ಕಾಫಿಪುಡಿ ಹತ್ತು ರೂಪಾಯಿ. ಅಪ್ಪನ ಸಂಬಳ ಇನ್ನೂರ ಹತ್ತು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ಸಂಜೆಯ ಊಟ ಬಿಡಿ ಎಂದು ದೇಶಕ್ಕೆ ಕರೆ ಕೊಟ್ಟಿದ್ದರಲ್ಲ, ಶಾಸ್ತ್ರಿಯವರು ಹೋಗಿ ವರ್ಷಗಳಾದರೂ ಅಮ್ಮ ಆ ವ್ರತ ಬಿಟ್ಟಿರಲಿಲ್ಲ. ನೆಂಟರು ಬರುವುದೇ ಆದರೆ ಸೋಮವಾರ ಸಂಜೆ ಬರಲಿ ಎಂದು ಅವಳು ದೇವರಲ್ಲಿ ಬೇಡಿಕೊಳ್ಳುತ್ತಿದ್ದುದು ನನಗೆ ಗೊತ್ತು. ಬಂದರೆ ಮಾತ್ರ ಶಾಸ್ತ್ರಿಯವರ ಹೆಸರೆತ್ತದೆ ಒಲೆ ಹಚ್ಚುತ್ತಿದ್ದಳು.

ಬಂದವರಿಗೆ ಆನೆ ತೋರಿಸುವ ಕೆಲಸ ನನ್ನದು. ಆಗ ಆನೆಗಳು ನೋಡಿಸಿಕೊಳ್ಳುವುದಕ್ಕೆ ಇದ್ದವಲ್ಲ, ದುಡಿಯುವುದಕ್ಕೆ ಇದ್ದವು. ತೇಗ, ಮತ್ತಿ, ನಂದಿ ಮರದ ದಿಮ್ಮಿಗಳನ್ನು ಎಳೆದು ತರುತ್ತಿದ್ದವು. ರಾತ್ರಿ ಕಾಲಿಗೆ ಸರಪಳಿ ಹಾಕಿ ಕಾಡಿಗೆ ಬಿಟ್ಟರೆ ಬೆಳಿಗ್ಗೆ ಕಾವಾಡಿಗರು ನೆಲದ ಮೇಲೆ ಸರಪಳಿ ಎಳೆದ ಗುರುತು ಹಿಡಿದು ಹುಡುಕಿಕೊಂಡು ಹೋಗಿ ಕರೆತರುತ್ತಿದ್ದರು. ಆಮೇಲೆ ಹೊಳೆಯಲ್ಲಿ ಸ್ನಾನ. ಆನೆ ಮಗ್ಗುಲಾಗಿ ಮಲಗಿಕೊಂಡು ಸೊಂಡಿಲಿನ ತುದಿ ಮಾತ್ರ ನೀರಿನ ಮೇಲಿಟ್ಟುಕೊಂಡಿರುತ್ತಿತ್ತು. ಮಾವುತ ಅದರ ಹೊಟ್ಟೆಯ ಮೇಲೆ ನಿಂತು ಕಲ್ಲಿನಿಂದ ತಿಕ್ಕುತ್ತಿದ್ದ. ಸ್ನಾನವಾದ ಮೇಲೆ ಕುಸುರೆ. ಹುಲ್ಲನ್ನು ಬಟ್ಟಲಿನ ಹಾಗೆ ಮಡಚಿ ಒಳಗೆ ಭತ್ತ, ಬೆಲ್ಲ ಇಟ್ಟು ಗಂಟು ಹಾಕಿ ಬಾಯಿಗೆ ಕೊಡುವುದು. ಒದ್ದೆ ಹುಲ್ಲು, ಬೆಲ್ಲ, ಲದ್ದಿ ಮೂರೂ ಸೇರಿದ ಆ ವಾಸನೆ ನನ್ನ ಲಂಗಕ್ಕೆ ಹತ್ತಿ ಶಾಲೆಯವರೆಗೂ ಬರುತ್ತಿತ್ತು. ಬೆಂಗಳೂರಿನ ಮಕ್ಕಳ ಮುಂದೆ ನನ್ನ ಜಂಬ ಕೇಳಬೇಕೆ! ಎಲ್ಲ ಆನೆಗಳೂ ನನ್ನ ಮಾತು ಕೇಳುತ್ತವೆ ಎಂದು ಹೇಳಿ, ಮಾವುತನಿಗೆ ಕಣ್ಸನ್ನೆ ಮಾಡಿ, 'ಬೈಠ್' ಎನ್ನುತ್ತಿದ್ದೆ. ಅವನು ಕಿವಿಯ ಹಿಂದೆ ಕಾಲಿನಿಂದ ತಿವಿದರೆ ಆನೆ ಕೂರುತ್ತಿತ್ತು. ಒಂದು ಪ್ರದರ್ಶನಕ್ಕೆ ಎರಡು ಪೆಪ್ಪರಮಿಂಟು ನನ್ನ ದರ. ಇಂದಿನ ಟಿಕೆಟ್ ಕೌಂಟರಿನ ಮೂಲಪುರುಷಳು ನಾನೇ ಎಂದು ಮೊಮ್ಮಗಳಿಗೆ ಹೇಳಿದರೆ ನಗುತ್ತಾಳೆ.

ನಾವು ಹೊರಡುವುದೂ ಇತ್ತು, ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ. ಮೊದಲ ಊರು ಭದ್ರಾವತಿ. ಅಲ್ಲಿ ಸೋದರಮಾವ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಶಿವಮೊಗ್ಗದವರೆಗೆ ಬಸ್ಸಿಗೆ ಐವತ್ತು ಪೈಸೆ, ನನಗೆ ಅರ್ಧ ಟಿಕೆಟು. ಬಸ್ ಸ್ಟಾಂಡಿನಿಂದ ಮೀನಾಕ್ಷಿ ಭವನದ ತುಪ್ಪದ ವಾಸನೆಯನ್ನು ದೂರದಿಂದಲೇ ಅನುಭವಿಸಿ, ಒಳಗೆ ಹೋಗದೆ, ಸ್ಟೇಷನ್ನಿಗೆ. ಮಸಾಲೆ ದೋಸೆಗೆ ಅರವತ್ತು ಪೈಸೆ. ಬುತ್ತಿಗಂಟು ಕೈಯಲ್ಲಿರುವಾಗ ಅದಕ್ಕೆ ದುಡ್ಡು ಹಾಕುವುದು ಅಮ್ಮನ ಪ್ರಕಾರ ಪಾಪ. ಮೀಟರ್ ಗೇಜಿನ ಗಾಡಿಯಲ್ಲಿ ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಇದ್ದಿಲ ಕಿಡಿ ಖಾತ್ರಿ.

ಭದ್ರಾವತಿಗೆ ಎರಡು ವಾಸನೆ. ಕಬ್ಬಿಣದ ಕಾರ್ಖಾನೆಯದು ಸುಟ್ಟ ಇದ್ದಿಲಿನದು, ಒಣ ವಾಸನೆ. ಕಾಗದದ ಕಾರ್ಖಾನೆಯದು ಬೇರೆ. ಕೊಳೆತ ಎಲೆಕೋಸಿನ ಹಾಗೆ ಗಾಳಿ ಬೀಸಿದ ಕಡೆಗೆ ಹರಡುತ್ತಿತ್ತು. ನಾವು ಮೂಗು ಮುಚ್ಚಿಕೊಂಡರೆ ಮಾವ 'ಅದು ಸಂಬಳದ ವಾಸನೆ ಕಣ್ರೇ' ಎನ್ನುತ್ತಿದ್ದರು. ರಾತ್ರಿ ಕುಲುಮೆಯ ಬೆಳಕಿಗೆ ಆಕಾಶದ ಒಂದು ಮೂಲೆ ಕೆಂಪಾಗುತ್ತಿತ್ತು. ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು ಎಂದು ಮಾವ ಹೇಳಿದಾಗ ನಾನು ಕುಲುಮೆಯಿಂದಲೇ ಆ ಹೆಸರು ಬಂತೆಂದುಕೊಂಡೆ. ಹೆಸರು ಹಳೆಯದು, ಕುಲುಮೆ ಉರಿದದ್ದು 1923ರಲ್ಲಿ, ವಿಶ್ವೇಶ್ವರಯ್ಯನವರ ಹಟದಿಂದ. ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನ ಅದಕ್ಕಿಂತ ಸುಮಾರು ಏಳುನೂರು ವರ್ಷ ಹಿಂದಿನದು, ಹೊಯ್ಸಳರ ಕಾಲದ್ದು, ಮೂರು ಗರ್ಭಗುಡಿಯ ತ್ರಿಕೂಟ. ಹೊರಗೋಡೆಯ ಬಳಪದ ಕಲ್ಲಿನ ಮೂರ್ತಿಗಳ ಕೈಬಳೆಯನ್ನು ಬೆರಳಿನಿಂದ ಎಣಿಸುತ್ತಾ ಪ್ರದಕ್ಷಿಣೆ ಬರುವುದು ನನ್ನ ಆಟ. ಅಮ್ಮ ಮೂರ್ತಿಗಳನ್ನು ನೋಡಿದ್ದು ನಾನು ಕಾಣೆ. ಅವಳು ಜಗುಲಿಯ ಮೇಲೆ ಕಂಬಕ್ಕೆ ಒರಗಿ ಕಾಲು ನೀಡಿ ಕೂರುತ್ತಿದ್ದಳು. ಅಷ್ಟು ಹೊತ್ತು ಯಾರೂ ಕಾಫಿ ಕೇಳುವುದಿಲ್ಲ ಎನ್ನುವುದೇ ಅವಳಿಗೆ ದರ್ಶನ. ಅದೇ ಹೊತ್ತಿಗೆ ಮನೆಯಲ್ಲಿ ಅತ್ತೆ ನಮಗೆಲ್ಲ ಹೊಟ್ಟಿನ ಒಲೆಯ ಮುಂದೆ ಬೇಯುತ್ತಿದ್ದಳು. ಇವಳ ರಜೆಯ ಲೆಕ್ಕ ಅವಳ ತಲೆಗೆ.

ಕೂಡ್ಲಿಯಲ್ಲಿ ನಮ್ಮದು ಅರ್ಚಕರ ಮನೆ. ತುಂಗಾ ಪಾನ, ಗಂಗಾ ಸ್ನಾನ ಎಂದು ಅಮ್ಮ ಹೇಳುತ್ತಾ ಸಂಗಮದಲ್ಲಿ ತಂಬಿಗೆ ತುಂಬಿಕೊಳ್ಳುತ್ತಿದ್ದಳು. ತುಂಗೆ, ಭದ್ರೆ ಅಲ್ಲಿ ಕೂಡಿ ಅಲ್ಲಿಂದ ಮುಂದೆ ತುಂಗಭದ್ರೆ. ಮಧ್ಯೆ ಪುಟ್ಟ ಗುಡಿ. ದಂಡೆಯ ಮೇಲೆ ಹೊಯ್ಸಳರ ರಾಮೇಶ್ವರ. ಶಿಖರದ ಮುಂಚಾಚಿನ ಮೇಲೆ ಸಿಂಹದೊಡನೆ ಹೋರುವ ಸಳ. ನಾನು ಆ ಸಳನನ್ನು ನಮ್ಮ ಮಾವುತರಿಗೆ ಹೋಲಿಸಿ, ಇವನಿಗೆ ಪ್ರಾಣಿ ಪಳಗಿಸಲು ಬರುವುದಿಲ್ಲ ಎಂದು ತೀರ್ಪು ಕೊಟ್ಟಿದ್ದೆ. ಅರ್ಚಕರ ಮನೆಯ ಊಟವೆಂದರೆ ಬಾಳೆಲೆ, ಕುಚ್ಚಲಕ್ಕಿ ಅನ್ನ, ಹಾಗಲಕಾಯಿ ಗೊಜ್ಜು. ತಟ್ಟೆಗೆ ಹಾಕುವ ದಕ್ಷಿಣೆ ಅಪ್ಪನ ಲೆಕ್ಕದಲ್ಲಿ ಎರಡು ರೂಪಾಯಿ. ಅದು ದೇವರದೋ ಊಟದ್ದೋ ಎಂದು ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಮುಂದಿನ ತಿಂಗಳು ಅವರ ಮಗ ಶಿವಮೊಗ್ಗದ ಕಾಲೇಜಿಗೆ ಅರ್ಜಿ ಹಾಕಲು ಬಂದವನು ಹದಿನಾಲ್ಕು ಕಿಲೋಮೀಟರ್ ಆಚೆಗಿನ ನಮ್ಮ ಮನೆಯಲ್ಲಿ ವಾರ ಉಳಿದು ಲೆಕ್ಕ ಚುಕ್ತಾ ಮಾಡಿದ.

ಬಳ್ಳಿಗಾವೆಯಲ್ಲಿ ಮಾತ್ರ ನಮಗೆ ಮನೆಯಿರಲಿಲ್ಲ. ಅಲ್ಲಿಗೆ ಹೋದದ್ದು ಹೈಸ್ಕೂಲಿನ ಪ್ರವಾಸದಲ್ಲಿ, 1972ರ ಡಿಸೆಂಬರ್. ತಲೆಗೆ ನಾಲ್ಕು ರೂಪಾಯಿ, ಬುತ್ತಿ ಅವರವರದು. ಗಂಡಭೇರುಂಡ ಕಂಬದ ಕೆಳಗೆ ನಿಂತು ಕತ್ತೆತ್ತಿ ನೋಡಿ ಕತ್ತು ನೋಯಿಸಿಕೊಂಡೆವು. ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ ಕಂಬ. ಎರಡು ತಲೆಯ ಹಕ್ಕಿ ಅಲ್ಲ, ಮನುಷ್ಯನ ಮೈಯ ಮೇಲೆ ಹಕ್ಕಿಯ ಎರಡು ತಲೆ. ಮೈಸೂರಿನ ಬಸ್ಸಿನ ಮೇಲಿನ ಗಂಡಭೇರುಂಡ ನೋಡಿದ್ದ ನಮಗೆ ಇದೇ ನಕಲಿ ಅನ್ನಿಸಿತು. ತ್ರಿಪುರಾಂತಕ ಗುಡಿಯ ಪಂಚತಂತ್ರದ ಕಥೆಗಳ ಪಟ್ಟಿಕೆಯ ಮುಂದೆ ನಮ್ಮ ಗುಂಪು ಕದಲಲಿಲ್ಲ. ಕನ್ನಡ ಮೇಷ್ಟ್ರು ಕಿವಿ ಹಿಂಡಿ ಕೇದಾರೇಶ್ವರಕ್ಕೆ ಕರೆದುಕೊಂಡು ಹೋದರು.

ಆ ಮೇಷ್ಟ್ರಿಗೆ ಶಾಸನದ ಹುಚ್ಚು. ತೊಂಡೆಸೊಪ್ಪು ಕಿತ್ತು ಕಲ್ಲಿನ ಮೇಲೆ ತಿಕ್ಕಿ, ಅಕ್ಷರಗಳು ಎದ್ದು ಕಂಡಮೇಲೆ ಬೆರಳಿಟ್ಟು ಓದುತ್ತಿದ್ದರು. ಈಗ ಹಾಗೆ ತಿಕ್ಕಿದರೆ ಪುರಾತತ್ತ್ವ ಇಲಾಖೆಯ ಕಾವಲುಗಾರ ಸುಮ್ಮನಿರುವುದಿಲ್ಲ, ಇರಲೂಬಾರದು. ಅಂದು ಅವರು ನಮಗೆ ಹೇಳಿದ್ದು ಕೋಡಿಯ ಮಠದ ವಿಷಯ. ಕೇದಾರೇಶ್ವರಕ್ಕೆ ಸೇರಿದ ಕಾಳಾಮುಖ ಶೈವರ ಮಠ ಅದು. 1162ರ ಒಂದು ಶಾಸನದಲ್ಲಿ ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬ ಪಟ್ಟಿಯೇ ಇದೆ. ವೇದ, ವ್ಯಾಕರಣ, ನಾಟಕದ ಪಾಠ ಇದ್ದದ್ದೇ. ಅದರ ಜೊತೆಗೆ ಅನ್ನ: ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಬಾರಿಸುವವರಿಗೆ, ಕುಣಿಯುವವರಿಗೆ, ಜೈನ ಕ್ಷಪಣಕರಿಗೆ, ನಾನಾ ದೇಶದಿಂದ ಬಂದ ಭಿಕ್ಷುಕರಿಗೆ. ರೋಗಿಗಳಿಗೆ ಔಷಧಿ ಬೇರೆ. ಮೇಷ್ಟ್ರು ಉಸಿರು ಬಿಗಿಹಿಡಿದು ಹೇಳುತ್ತಿದ್ದರೆ ನನಗೆ ಬಂದ ಯೋಚನೆ ಒಂದೇ: ಇಷ್ಟು ಜನಕ್ಕೆ ಅಕ್ಕಿ ಆರಿಸಿದವರು ಯಾರು, ರುಬ್ಬಿದವರು ಯಾರು? ಕೈಯೆತ್ತಿ ಕೇಳಿಯೇಬಿಟ್ಟೆ. 'ಅದು ಶಾಸನದಲ್ಲಿ ಇಲ್ಲ, ಕೂತ್ಕೋ' ಎಂದರು. ತರಗತಿಯಲ್ಲಿ ಬುದ್ಧಿವಂತೆ ಎನ್ನಿಸಿಕೊಳ್ಳಬೇಕೆಂದು ಕೇಳಿದ ಪ್ರಶ್ನೆ. ಗೆಳತಿಯರು ವರ್ಷವಿಡೀ ನನ್ನನ್ನು 'ಅಕ್ಕಿ ಆರಿಸೋಳು' ಎಂದು ಕರೆದರು.

ಅದೇ ದಿನ ಬೌದ್ಧರ ಸುದ್ದಿಯೂ ಮೊದಲ ಸಲ ಕಿವಿಗೆ ಬಿತ್ತು. ಬಳ್ಳಿಗಾವೆಯಲ್ಲಿ ಶೈವ, ವೈಷ್ಣವ, ಜೈನ ಗುಡಿಗಳ ಜೊತೆಗೆ ಬೌದ್ಧ ವಿಹಾರವೂ ಇತ್ತು. 1065ರಲ್ಲಿ ಚಾಲುಕ್ಯರ ದಂಡನಾಯಕ ರೂಪಭಟ್ಟಯ್ಯ ಜಯಂತಿ ಬೌದ್ಧ ವಿಹಾರ ಕಟ್ಟಿಸಿ, ತಾರಾ ಭಗವತಿಯ ಪೂಜೆಗೆ, ಭಿಕ್ಷುಗಳ ಊಟಕ್ಕೆ ಭೂಮಿ ಬಿಟ್ಟ. ಮಹಾಬೋಧಿ, ಸಾಂಚಿ ಎಂದು ಪಾಠದಲ್ಲಿ ಓದಿದ್ದ ನಮಗೆ ಶಿಕಾರಿಪುರ ತಾಲ್ಲೂಕಿನಲ್ಲಿ ಬುದ್ಧ ಎಂದರೆ ನಂಬಿಕೆ ಹುಟ್ಟಲಿಲ್ಲ. ಎಲ್ಲಿದೆ ತೋರಿಸಿ ಎಂದರೆ ಮೇಷ್ಟ್ರು ಗದ್ದೆಗಳ ಕಡೆ ಕೈ ಬೀಸಿದರು. ಮಧ್ಯಾಹ್ನ ಊರಿನ ಗೌಡರೊಬ್ಬರ ಮನೆಯ ಅಂಗಳದಲ್ಲಿ ಬುತ್ತಿ ಬಿಚ್ಚಿದೆವು. ಅವರ ಮನೆಯಿಂದ ಕೊಡಪಾನದಲ್ಲಿ ಮಜ್ಜಿಗೆ ಬಂತು. ನಮ್ಮಲ್ಲಿ ಕೆಲವು ಹುಡುಗಿಯರು ಕುಡಿದರು, ಕೆಲವರು ಮನೆಯಲ್ಲಿ ಬೈಯುತ್ತಾರೆಂದು ಕುಡಿಯಲಿಲ್ಲ. ನಾನು ಕುಡಿದೆ, ಮನೆಯಲ್ಲಿ ಹೇಳಲಿಲ್ಲ.

ಊರಿಗೊಂದು ಮನೆ ಎಂದೆನಲ್ಲ, ಆ ಮನೆಗಳಿಗೆಲ್ಲ ಹೊಸಿಲು ಇತ್ತು. ನಮ್ಮ ಜಾತಿಯವರಿಗೆ ಪಡಸಾಲೆ, ಬೇರೆಯವರಿಗೆ ಜಗಲಿ, ಇನ್ನೂ ಬೇರೆಯವರಿಗೆ ಅಂಗಳ. ನನಗೆ ಆನೆ ಕೂರಿಸಿ ಕೊಡುತ್ತಿದ್ದ ಮಾವುತ ಮುಸಲ್ಮಾನ. ಹಬ್ಬದ ದಿನ ಅವನಿಗೂ ಅವನ ಮಕ್ಕಳಿಗೂ ಅಂಗಳದ ಸಂಪಿಗೆ ಮರದ ಕೆಳಗೆ ಮುತ್ತುಗದೆಲೆಯಲ್ಲಿ ಊಟ. ಹೋಳಿಗೆ ಒಳಗಿನದೇ, ತುಪ್ಪವೂ ಒಳಗಿನದೇ, ಕೂತವರು ಮಾತ್ರ ಹೊರಗೆ. ಹಿಂದಿನ ಕಾಲದ ಅತಿಥಿಸತ್ಕಾರ ಎಂದು ಯಾರಾದರೂ ಭಾಷಣ ಶುರು ಮಾಡಿದರೆ ನನಗೆ ಆ ಸಂಪಿಗೆ ಮರ ನೆನಪಾಗುತ್ತದೆ. ಹೋಟೆಲಿನ ಬೆಂಚು ಈ ವ್ಯವಸ್ಥೆಯನ್ನು ಗದ್ದಲವಿಲ್ಲದೆ ಮುಗಿಸಿತು. ಕಾಸು ಕೊಟ್ಟವನು ಕೂತ, ಅಷ್ಟೆ.

1979ರಲ್ಲಿ ನನ್ನ ಮದುವೆ. ಹೊಸ ಜೋಡಿ ಇಕ್ಕೇರಿ, ಕೆಳದಿ ನೋಡಿಕೊಂಡು ಬರಲಿ ಎಂದು ಹಿರಿಯರ ತೀರ್ಮಾನ. ಕಾರಣ, ಸಾಗರದ ಹತ್ತಿರ ನಮ್ಮವರ ದೊಡ್ಡಮ್ಮನ ಮನೆ. ಗಜಾನನ ಬಸ್ಸಿನಲ್ಲಿ ಹೋಗಿ ಇಳಿದೆವು. ದೊಡ್ಡಮ್ಮನ ಮನೆಯಲ್ಲಿ ತೊಡೆದೇವು, ಅಪ್ಪೆಹುಳಿ, ಮತ್ತೆ ತೊಡೆದೇವು. ಅಕ್ಕಪಕ್ಕದ ಅಡಿಕೆ ತೋಟದ ಮನೆಗಳಿಂದ ಮದುಮಗಳನ್ನು ನೋಡಲು ಬರುವವರ ಸಾಲು. ನಾನು ಮಣೆಯ ಮೇಲೆ ಕೂತು ಕೂತು ಕಾಲು ಜೋಮು ಹಿಡಿಸಿಕೊಂಡೆ. ಕೊನೆಗೆ ಇಕ್ಕೇರಿಯ ಅಘೋರೇಶ್ವರ ಸಿಕ್ಕಿದ್ದು ಹೊರಡುವ ದಿನ, ಬಸ್ಸಿಗೆ ಮುಂಚೆ, ಇಪ್ಪತ್ತು ನಿಮಿಷ. ದೊಡ್ಡ ಕಲ್ಲಿನ ಗುಡಿ, ಎದುರಿಗೆ ಬೇರೆಯೇ ಮಂಟಪದಲ್ಲಿ ಭಾರಿ ನಂದಿ. ಒಳಗೆ ನೆಲದ ಮೇಲೆ ಸಾಷ್ಟಾಂಗ ಬಿದ್ದ ಕೆಳದಿ ನಾಯಕರ ಆಕೃತಿಗಳನ್ನು ಕೆತ್ತಿದ್ದಾರೆ, ಹೆಸರು ಸಮೇತ. ನಾನು ರಾಜರನ್ನು ತುಳಿಯಬಾರದೆಂದು ರೇಷ್ಮೆ ಸೀರೆ ಎತ್ತಿ ಹಿಡಿದು ಹಾರಿದೆ. ದೊಡ್ಡಮ್ಮ ಅವರ ಮೇಲೆ ನೆಟ್ಟಗೆ ನಡೆದುಹೋಗಿ, 'ತುಳೀಲಿ ಅಂತಲೇ ಕೆತ್ತಿಸಿಕೊಂಡಿದಾರೆ, ಬಾರೆ, ಬಸ್ಸು ತಪ್ಪತ್ತೆ' ಎಂದರು. ಕೆಳದಿ ಆ ಸಲ ಆಗಲೇ ಇಲ್ಲ. ಅಲ್ಲಿಯ ವೀರಭದ್ರ ಗುಡಿಯ ಛಾವಣಿಯ ಗಂಡಭೇರುಂಡ ನೋಡಲು ನಾನು ಮತ್ತೆ ಹೋಗಬೇಕಾಯಿತು, ದೊಡ್ಡಮ್ಮ ತೀರಿಕೊಂಡ ಮೇಲೆ, ಕಾರಿನಲ್ಲಿ.

ಬೌದ್ಧರನ್ನು ಕಣ್ಣಾರೆ ಕಂಡದ್ದು ದೇವಸ್ಥಾನದಲ್ಲಲ್ಲ, ಶಿವಮೊಗ್ಗದ ರಸ್ತೆ ಬದಿಯಲ್ಲಿ. ಚಳಿಗಾಲ ಬಂತೆಂದರೆ ಟಿಬೆಟಿನವರು ಹಗ್ಗ ಕಟ್ಟಿ ಸ್ವೆಟರು ನೇತುಹಾಕುತ್ತಿದ್ದರು. ನಮ್ಮವರು ಐವತ್ತೈದು ರೂಪಾಯಿಗೆ ಕೊಂಡ ಕಂದು ಸ್ವೆಟರು ಮಗನಿಗೂ ಆಗಿ ಆಮೇಲೆ ಹರಿಯಿತು. ಎಂಬತ್ತರ ದಶಕದ ಕೊನೆಗೆ ನಮ್ಮವರ ಬ್ಯಾಂಕಿನ ಕೆಲಸ ಶಿರಸಿಗೆ ವರ್ಗವಾಯಿತು. ಅಲ್ಲಿಂದ ಮುಂಡಗೋಡು ಹತ್ತಿರ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ 1966ರಲ್ಲಿ ಆಗಿನ ಮೈಸೂರು ಸರ್ಕಾರ ಅಲ್ಲಿ ಕಾಡು ಕಡಿದ ಜಾಗ ಕೊಟ್ಟಿತ್ತು. ಲ್ಹಾಸಾ ಕಡೆಯ ಡ್ರೆಪುಂಗ್, ಗಾಂದೆನ್ ಮಠಗಳೇ ಅಲ್ಲಿ ಮತ್ತೆ ಎದ್ದಿವೆ. ಪ್ರಾರ್ಥನೆಯ ಮನೆಯೊಳಗೆ ಹೋದರೆ ತುಪ್ಪದ ದೀಪದ ವಾಸನೆ, ನಮ್ಮ ಗರ್ಭಗುಡಿಯದಕ್ಕಿಂತ ಜಿಡ್ಡು, ಹಳತು. ಹೊರಗೆ ಅಂಗಳದಲ್ಲಿ ಎಳೆಯ ಭಿಕ್ಷುಗಳ ವಾದ. ಒಬ್ಬ ಕೂತಿದ್ದಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕುತ್ತಾನೆ. ಹಾಕಿ ಎಡಗಾಲು ನೆಲಕ್ಕಪ್ಪಳಿಸಿ ಎರಡು ಕೈಯನ್ನೂ ಚಟ್ಟೆಂದು ತಟ್ಟುತ್ತಾನೆ. ಜಗಳವೆಂದು ತಿಳಿದು ನನ್ನ ಮಗಳು ಅತ್ತಳು. ಒಬ್ಬ ಭಿಕ್ಷು ಬಂದು, 'ಅಳಬ್ಯಾಡವಾ, ಪರೀಕ್ಷಾ ಐತಿ' ಎಂದು ಧಾರವಾಡದ ಕನ್ನಡದಲ್ಲಿ ಸಮಾಧಾನ ಹೇಳಿದ.

ಅಲ್ಲಿ ನಮಗೆ ಯಾರೂ ಗೊತ್ತಿರಲಿಲ್ಲ. ಗೆಸ್ಟ್ ಹೌಸಿನಲ್ಲಿ ರೂಮಿಗೆ ಮೂವತ್ತು ರೂಪಾಯಿ, ಬಿಳಿ ಹಾಸಿಗೆ, ಬಾಗಿಲಿಗೆ ಚಿಲಕ. ಮುಂದಿನ ಅಂಗಡಿಯಲ್ಲಿ ತರಕಾರಿ ಥುಕ್ಪಾ ಬಟ್ಟಲಿಗೆ ಐದು ರೂಪಾಯಿ. ಯಾವ ಪೈಕಿ ಎಂದು ಕೇಳಲಿಲ್ಲ, ಮಗಳಿಗೆ ಗಂಡು ನೋಡುತ್ತಿದ್ದೀರಾ ಎಂದು ಕೇಳಲಿಲ್ಲ, ಇನ್ನೊಂದು ಸೌಟು ಹಾಕಿಸಿಕೊಳ್ಳಿ ಎಂದು ಬಲವಂತ ಮಾಡಲಿಲ್ಲ. ಮಧ್ಯಾಹ್ನ ಚಿಲಕ ಹಾಕಿಕೊಂಡು ಮಲಗಿದೆ. ಪರವೂರಿನಲ್ಲಿ ಹಗಲು ನಿದ್ದೆ ಮಾಡಿದ್ದು ಅದೇ ಮೊದಲು. ನೆಂಟರ ಮನೆಯಲ್ಲಿ ಹೆಂಗಸರು ಊಟವಾದ ಮೇಲೆ ಎಲೆ ಎತ್ತಿ, ಗೋಮಯ ಹಚ್ಚಿ, ಸಂಜೆಯ ಕಾಫಿಗೆ ನೀರಿಡಬೇಕಿತ್ತು.

ಅಷ್ಟು ಹೊತ್ತಿಗೆ ಅಪ್ಪ ನಿವೃತ್ತರಾಗಿ ಶಿವಮೊಗ್ಗಕ್ಕೆ ಬಂದಿದ್ದರು. ಸಕ್ರೆಬೈಲು ಬಿಡುವ ಮೊದಲೇ ರಸ್ತೆ ಬದಿಯಲ್ಲಿ ಒಂದು ಕಾಫಿ ಹೋಟೆಲು ಬಂತು, ತಗಡಿನ ಮಾಡು, ಎರಡು ಬೆಂಚು. ಇನ್ನು ಜನ ನಮ್ಮ ಮನೆಗೆ ಬರುವುದಿಲ್ಲ ಎಂದು ಅಪ್ಪನಿಗೆ ಬೇಸರ. ಅಮ್ಮ ಮಾತ್ರ ಕೇಳಿದ್ದು, 'ಅಲ್ಲಿ ಊಟಾನೂ ಇದೆಯಂತೋ?' ಇದೆ ಎಂದು ಗೊತ್ತಾದ ದಿನ ಮನೆಯಲ್ಲಿ ಪಾಯಸ ಮಾಡಿದಳು, ಯಾವ ಹಬ್ಬವೂ ಇರಲಿಲ್ಲ. ಆ ಊರಲ್ಲಿ ಅಷ್ಟು ವರ್ಷವಿದ್ದರೂ ಅವಳು ಆನೆಗಳ ಸ್ನಾನ ನೋಡಿದ್ದು ಬೆರಳೆಣಿಕೆಯಷ್ಟು ಸಲ. ಆನೆ ಹೊಳೆಗಿಳಿಯುವ ಹೊತ್ತಿಗೆ ಸರಿಯಾಗಿ, ಅದನ್ನು ನೋಡಲು ಬಂದವರಿಗೆ ಅವಳು ಕಡುಬು ಬೇಯಿಸುತ್ತಿದ್ದಳು.

ಹೋದ ವರ್ಷ ಮೊಮ್ಮಗಳು ಬೆಂಗಳೂರಿನಿಂದ ಬಂದಳು, ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಇಳಿದು. 2023ರಲ್ಲಿ ಶುರುವಾದದ್ದು, ಹಿಂದೆ ಅರ್ಧ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿಸಿಕೊಂಡು ಬರುತ್ತಿದ್ದ ದಾರಿ. ಅವಳ ಫೋನಿನಲ್ಲಿ ಎಲ್ಲ ಗುಡಿಗಳಿಗೂ ನಕ್ಷತ್ರದ ಅಂಕ. ಒಂದೇ ದಿನ ಕೂಡ್ಲಿ, ಭದ್ರಾವತಿ ಮುಗಿಸಿದೆವು, ಮರುದಿನ ತಾಳಗುಂದ, ಬಳ್ಳಿಗಾವೆ. ಯಾರ ಮನೆಯ ಬಾಗಿಲೂ ತಟ್ಟಲಿಲ್ಲ. ಭದ್ರಾವತಿಯಲ್ಲಿ ಆ ಎರಡು ವಾಸನೆಗಳೂ ಇರಲಿಲ್ಲ. ಕಾಗದದ ಕಾರ್ಖಾನೆ ನಿಂತು ವರ್ಷಗಳಾಗಿವೆ, ಕಬ್ಬಿಣದ್ದು ಉಸಿರು ಹಿಡಿದುಕೊಂಡಿದೆ. ಗಾಳಿ ಚೆನ್ನಾಗಿದೆ ಅಜ್ಜಿ ಎಂದಳು ಮೊಮ್ಮಗಳು. ಮಾವನ ಕ್ವಾರ್ಟರ್ಸಿನ ಸಾಲು ಹಾಳು ಬಿದ್ದಿರುವುದನ್ನು ನೋಡುತ್ತಾ ಹೌದಮ್ಮ ಎಂದೆ.

ಬಳ್ಳಿಗಾವೆಯ ಗುಡಿಗಳ ಸುತ್ತ ಈಗ ಹುಲ್ಲುಹಾಸು, ಬೇಲಿ, ನೀಲಿ ಫಲಕ. ಅಂದು ಶಾಲೆಯಿಂದ ನಾವು ಹೋದಾಗ ಕೇದಾರೇಶ್ವರದ ಮಂಟಪದಲ್ಲಿ ಯಾರದೋ ಕರು ಕಟ್ಟಿತ್ತು. ಕರುವಿಗಿಂತ ಫಲಕ ವಾಸಿ. ತಾಳಗುಂದದಲ್ಲಂತೂ ನನ್ನ ಕಾಲದಲ್ಲಿ ಮಣ್ಣಿನ ಕೆಳಗಿದ್ದದ್ದು ಈಗ ಮೇಲೆ ಬಂದಿದೆ. ಪ್ರಣವೇಶ್ವರನ ಮುಂದಿನ ಕದಂಬರ ಕಂಬವನ್ನು ತೋರಿಸಿ, ಮಯೂರಶರ್ಮ ಕಂಚಿಯಲ್ಲಿ ಅವಮಾನಪಟ್ಟ ಕಥೆಯನ್ನು ಮೇಷ್ಟ್ರು ಶಾಲೆಯ ಆ ಪ್ರವಾಸದಲ್ಲೇ ಹೇಳಿದ್ದರು. 2013ರಲ್ಲಿ ಅಲ್ಲಿಯೇ ಅಗೆದಾಗ ಸಿಂಹಕಟಾಂಜನದ, ಎಂದರೆ ಸಿಂಹ ಕೆತ್ತಿದ ಕಲ್ಲಿನ ಕೈಪಿಡಿಯ, ಮೇಲೆ ಇನ್ನೊಂದು ಶಾಸನ ಸಿಕ್ಕಿತು, ಕ್ರಿ.ಶ. 370ರದೆಂದು, ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡವೆಂದು ಹೇಳುತ್ತಾರೆ. ಮೇಷ್ಟ್ರು ಬದುಕಿದ್ದರೆ ತೊಂಡೆಸೊಪ್ಪು ಹಿಡಿದು ಓಡಿಬರುತ್ತಿದ್ದರು.

ಸಕ್ರೆಬೈಲಿಗೆ ಕೊನೆಗೆ ಹೋದೆವು. ನಮ್ಮ ಮನೆ ಇದ್ದ ಕಡೆ ಈಗ ಕಾರುಗಳು ನಿಲ್ಲುತ್ತವೆ. ಹಳೆಯ ಒಡ್ಡಿನ ಹತ್ತಿರವೇ ಹೊಸ ಅಣೆಕಟ್ಟು ಬಂದಿದೆ. ಆನೆಗಳು ದಿಮ್ಮಿ ಎಳೆಯುವುದಿಲ್ಲ. ಊರಿಗೆ ನುಗ್ಗಿದ ಕಾಡಾನೆಯನ್ನು ಹಿಡಿಯುವಾಗ ಇವನ್ನು ಕರೆದೊಯ್ಯುತ್ತಾರೆ, ಶಿವಮೊಗ್ಗದ ದಸರೆಗೆ ಸಿಂಗರಿಸುತ್ತಾರೆ, ಉಳಿದ ದಿನ ಬೆಳಗಿನ ಹೊತ್ತು ಜನರಿಗೆ ದರ್ಶನ. ಮೊಮ್ಮಗಳು ಟಿಕೆಟು ತೆಗೆದುಕೊಂಡು ಬಂದಳು. ಕುಸುರೆಯ ವಾಸನೆ ಮಾತ್ರ ಅದೇ. ರಾತ್ರಿ ಉಳಿದದ್ದು ಹತ್ತಿರದ ಒಂದು ಹೋಂಸ್ಟೇಯಲ್ಲಿ, ತಲೆಗೆ ಸಾವಿರದ ಎಂಟುನೂರು, ಊಟ ಸೇರಿ. ಕಡುಬು, ಮಿಡಿ ಉಪ್ಪಿನಕಾಯಿ, ಎಲ್ಲ ಅಮ್ಮ ಮಾಡುತ್ತಿದ್ದದ್ದೇ. ಮನೆಯೊಡತಿ ಬಡಿಸಿ, ಕೈ ಒರೆಸಿಕೊಂಡು, ಕ್ಯೂಆರ್ ಕೋಡ್ ಇರುವ ಹಲಗೆ ತಂದಿಟ್ಟಳು. ನನಗೆ ಬಹಳ ಸರಿಯೆನ್ನಿಸಿತು.

ಹೋಗುವವರಿಗೆ ಒಂದು ಮಾತು. ಸಕ್ರೆಬೈಲಿನಲ್ಲಿ ಬೆಳಿಗ್ಗೆ ಎಂಟೂವರೆಗೆಲ್ಲ ಇರಿ, ತಡವಾದರೆ ಆನೆಗಳು ಕಾಡು ಸೇರಿರುತ್ತವೆ. ಬಳ್ಳಿಗಾವೆಗೆ ಹೋಗುವುದಾದರೆ ಪಕ್ಕದ ಶಿರಾಳಕೊಪ್ಪದಲ್ಲಿ ಊಟ ಮುಗಿಸಿಕೊಳ್ಳಿ. ದಾರಿಯಲ್ಲಿ ನೆಂಟರ ಮನೆ ಇದ್ದರೆ ಖಂಡಿತ ಹೋಗಿ, ಆದರೆ ಊಟದ ಹೊತ್ತು ತಪ್ಪಿಸಿ, ಮೊದಲೇ ಫೋನ್ ಮಾಡಿ.